ಬಸುರಿ ಎಂದು ಗೊತ್ತಾಗುವ ಮೊದಲು ಕುಡಿದಿದ್ದೆ, ಈಗ ಆರು ವಾರ. ಡಾಕ್ಟರ್‌ಗೆ ಹೇಳಬೇಕಾ?

ಕಿತ್ತಳೆಹೂ:

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಊರು ವಿರಾಜಪೇಟೆ ಹತ್ತಿರ, ಕೆಲಸ ಮೈಸೂರಲ್ಲಿ. ಮದುವೆಯಾಗಿ ಎರಡೂವರೆ ವರ್ಷ. ಮೇ 24ರ ಬೆಳಿಗ್ಗೆ ಮನೆಯಲ್ಲೇ ಟೆಸ್ಟ್ ಮಾಡಿದೆ, ಎರಡು ಗೆರೆ ಬಂತು. ಇವರು ಅಡುಗೆಮನೆಯಲ್ಲಿ ನಿಂತಲ್ಲೇ ಖುಷಿಯಿಂದ ಅತ್ತುಬಿಟ್ಟರು. ನಾನೂ ಅತ್ತೆ. ಆದರೆ ನನ್ನ ಅಳುವಿಗೆ ಬೇರೆ ಕಾರಣ ಇತ್ತು. ಅದನ್ನು ಆವತ್ತು ಇವರಿಗೂ ಹೇಳಲಿಲ್ಲ.

ಮೇ 10ಕ್ಕೆ ಗೋಣಿಕೊಪ್ಪಲಿನಲ್ಲಿ ಚಿಕ್ಕಪ್ಪನ ಮಗಳ ಮದುವೆ ಇತ್ತು. ನಮ್ಮ ಕಡೆ ಮದುವೆಯಲ್ಲಿ ಕುಡಿಯುವುದು ಗುಟ್ಟಿನ ವಿಷಯ ಅಲ್ಲ. ಹೆಂಗಸರೂ ಹಿರಿಯರ ಎದುರೇ ಕುಡಿಯುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಾನು ಮನೆಯಲ್ಲಿ ಮಾಡಿದ ವೈನ್ ಎರಡು ಗ್ಲಾಸ್ ಕುಡಿದೆ. ಆಮೇಲೆ ಓಲಗಕ್ಕೆ ಕುಣಿಯುವ ಹೊತ್ತಿಗೆ ರಮ್, ನೀರು ಹಾಕಿ, ಎರಡು ಪೆಗ್. ಅದಾಗಿ ಒಂದು ವಾರಕ್ಕೆ, ಮೇ 17ಕ್ಕೆ, ಆಫೀಸಿನವರೆಲ್ಲ ಒಂದು ಹೋಂಸ್ಟೇಗೆ ಹೋಗಿದ್ದೆವು. ಅಲ್ಲಿ ಗೆಳತಿಯ ಜೊತೆ ಒಂದು ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್ ಹಂಚಿಕೊಂಡೆ. ಕೊನೆಯ ಸಲ ಮುಟ್ಟಾಗಿದ್ದು ಏಪ್ರಿಲ್ 18. ತಿಂಗಳು ಸರಿಯಾಗಿ 28 ದಿನಕ್ಕೆ ಬರುತ್ತಿತ್ತು. 17ಕ್ಕೆ ಒಂದೆರಡು ದಿನ ತಡ ಆಗಿತ್ತು ಅಷ್ಟೆ. ಮದುವೆ ಓಡಾಟದಿಂದ ಹಾಗಾಗಿದೆ ಅಂದುಕೊಂಡೆ.

ಮೇ 28ಕ್ಕೆ ಇಲ್ಲಿ ಒಂದು ಆಸ್ಪತ್ರೆಗೆ ಹೋದೆವು. ಹೆಸರು ಬೇಡ. ಡಾಕ್ಟರ್ ಒಳ್ಳೆಯವರೇ. ಶುಗರ್ ಇದೆಯಾ, ಥೈರಾಯ್ಡ್ ಇದೆಯಾ, ಮೊದಲು ಗರ್ಭ ಹೋಗಿತ್ತಾ, ಸಂಬಂಧದಲ್ಲಿ ಮದುವೆಯಾ, ಎಲ್ಲ ಕೇಳಿದರು. ಇವರ ಕಡೆ ತಿರುಗಿ, "ನೀವು ಸಿಗರೇಟ್, ಡ್ರಿಂಕ್ಸ್?" ಎಂದರು. ನನ್ನ ಕಡೆ ತಿರುಗಿ, "ವೆಜ್ಜಾ, ನಾನ್‌ವೆಜ್ಜಾ?" ಎಂದರು. ಬಾಯಿಗೆ ಬಂದಿದ್ದು ಅಲ್ಲೇ ನಿಂತುಬಿಟ್ಟಿತು. ಪಕ್ಕದಲ್ಲಿ ಇನ್ನೊಬ್ಬರು ಫೈಲ್ ಹಿಡಿದು ನಿಂತಿದ್ದರು. ಬಾಗಿಲು ಅರ್ಧ ತೆಗೆದಿತ್ತು. ನಾನು "ನಾನ್‌ವೆಜ್" ಎಂದು ಹೇಳಿ ಎದ್ದು ಬಂದೆ.

ಆವತ್ತಿನಿಂದ ನಿದ್ದೆ ಇಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಹಿಡಿದು ಹುಡುಕುತ್ತೇನೆ. ಒಂದು ಕಡೆ ಒಂದು ಹನಿಯೂ ವಿಷ ಎನ್ನುತ್ತಾರೆ. ಇನ್ನೊಂದು ಕಡೆ ಒಂದು ಗ್ಲಾಸ್ ವೈನ್ ಪರವಾಗಿಲ್ಲ ಎನ್ನುತ್ತಾರೆ. ಒಂದು ರಾತ್ರಿಯಂತೂ ಇದನ್ನು ತೆಗೆಸಿಬಿಡಬೇಕಾ ಎಂದೂ ಯೋಚನೆ ಬಂತು. ಬೆಳಿಗ್ಗೆ ಎದ್ದು ಇವರಿಗೆ ಹೇಳಿದಾಗ ಇವರು ನನ್ನ ಕೈ ಹಿಡಿದುಕೊಂಡು ಸುಮ್ನೆ ಕೂತರು. ಇಬ್ಬರಿಗೂ ಏನೂ ಗೊತ್ತಿಲ್ಲ.

ಇನ್ನೊಂದು ಕಷ್ಟ ಮನೆಯದು. ಅತ್ತೆ ಬಹಳ ಪ್ರೀತಿಯವರು. ಅವರೇ ವೈನ್ ಮಾಡುತ್ತಾರೆ. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ಒಂದು ವರ್ಷ ವೀಳ್ಯದೆಲೆಯದೂ ಮಾಡಿದ್ದರು. "ಅದು ಹಣ್ಣಿನ ರಸ ಅಲ್ವಾ, ದಿನಾ ಒಂದು ಸಣ್ಣ ಗ್ಲಾಸ್ ಕುಡಿದರೆ ರಕ್ತ ಆಗುತ್ತದೆ" ಎನ್ನುವುದು ಅವರ ನಂಬಿಕೆ. ಮಾವ ಮಿಲಿಟರಿಯಿಂದ ರಿಟೈರ್ ಆದವರು. ವಿಷಯ ತಿಳಿದ ದಿನವೇ ಕ್ಯಾಂಟೀನಿನಿಂದ ತಂದ ಒಂದು ಬ್ರಾಂಡಿ ಬಾಟಲಿಯನ್ನು "ಇದು ಬಾಣಂತನಕ್ಕೆ" ಎಂದು ಬೀರುವಿನಲ್ಲಿ ಎತ್ತಿಟ್ಟರಂತೆ. ನಮ್ಮಲ್ಲಿ ಬಾಣಂತಿಗೆ ಮೈ ಬೆಚ್ಚಗಿರಲಿ, ಹಾಲು ಬರಲಿ ಎಂದು ಕೊಡುತ್ತಾರೆ. ಮಗುವಿಗೆ ಶೀತ ಆದರೆ ಎದೆಗೆ ಹಚ್ಚುತ್ತಾರೆ, ನಾಲಿಗೆಗೆ ಒಂದು ಹನಿ ಮುಟ್ಟಿಸುವವರೂ ಇದ್ದಾರೆ.

ಆ ಎರಡು ದಿನದಿಂದ ಮಗುವಿಗೆ ಏನಾದರೂ ಆಗಿರುತ್ತದಾ? ಈಗ ಡಾಕ್ಟರ್‌ಗೆ ಹೇಳಬೇಕಾ? ಹೇಳಿದರೆ ಏನಂದುಕೊಳ್ಳುತ್ತಾರೆ? ಅತ್ತೆಗೆ ಮನಸ್ಸು ನೋಯದ ಹಾಗೆ ಹೇಗೆ ಹೇಳಲಿ? ಗೊತ್ತಿದ್ದವರು ದಯವಿಟ್ಟು ಹೇಳಿ. ಬೈಯುವುದಿದ್ದರೂ ಬೈಯಿರಿ, ಆದರೆ ನಿಜ ಹೇಳಿ.

ಸುಳ್ಯದ_ಸೀತಜ್ಜಿ:

ಮಗಾ, ಅಳಬೇಡ. ನಿನ್ನನ್ನು ಯಾರು ಬೈಯುತ್ತಾರೆ? ನನಗೆ ಈಗ 71. ನಾನು ಮೂರು ಹೆತ್ತೆ. ಮೂರು ಬಾಣಂತನದಲ್ಲೂ ನನ್ನ ಅಮ್ಮ ಕೋಳಿ ಸಾರಿಗೆ ಬ್ರಾಂಡಿ ಹಾಕಿ ಕೊಟ್ಟಿದ್ದಾರೆ, ರಾತ್ರಿ ಮಲಗುವಾಗ. ಮೂರೂ ಮಕ್ಕಳು ಚೆನ್ನಾಗಿದ್ದಾರೆ. ದೊಡ್ಡವನು ಇಂಜಿನಿಯರ್. ಹಾಗಾಗಿ ಎರಡು ಗ್ಲಾಸ್ ವೈನಿಗೆ ಪ್ರಾಣ ಬಿಡಬೇಡ. ನಿದ್ದೆ ಮಾಡು. ಹೊಟ್ಟೆಯಲ್ಲಿರುವ ಕೂಸಿಗೆ ನಿನ್ನ ನಿದ್ದೆ ಬೇಕು.

ಬಸುರಿಯಲ್ಲಿ ಮಾತ್ರ ನಾನು ಕುಡಿಯಲಿಲ್ಲ. ವಾಸನೆಯೇ ಆಗುತ್ತಿರಲಿಲ್ಲ ನನಗೆ. ಇದು ನನಗೆ ಗೊತ್ತಿರುವುದು. ಓದಿದವರು ಇನ್ನೂ ಚೆನ್ನಾಗಿ ಹೇಳಬಹುದು.

ಸಿಸ್ಟರ್_ಸಿದ್ದಾಪುರ:

ಮಗಳೇ, ನಾನು ಡಾಕ್ಟರ್ ಅಲ್ಲ. 34 ವರ್ಷ ಸರ್ಕಾರಿ ಕೆಲಸದಲ್ಲಿದ್ದ ನರ್ಸ್. ಜಾಸ್ತಿ ವರ್ಷ ಹೆರಿಗೆ ವಾರ್ಡಿನಲ್ಲಿ, ಕಾಫಿ ತೋಟಗಳ ಕಡೆಯಲ್ಲಿ ಕಳೆದೆ. ಈಗ ಮನೆಯಲ್ಲಿದ್ದೇನೆ. ನಿನ್ನ ಬರಹವನ್ನು ಎರಡು ಸಲ ಓದಿದೆ. ಮೊದಲು ಲೆಕ್ಕ ಮಾಡೋಣ, ಆಮೇಲೆ ಅಳೋಣ.

ಆಸ್ಪತ್ರೆಯಲ್ಲಿ "ಆರು ವಾರ" ಎನ್ನುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದ್ದು. ಮಗು ನಿಂತಿದ್ದು ಆವತ್ತಲ್ಲ. ನಿನ್ನದು 28 ದಿನದ ತಿಂಗಳಾದರೆ ಅದು ಮೇ 2ರ ಆಸುಪಾಸು. ಹಾಗಾಗಿ ಮದುವೆಯ ದಿನ, ಮೇ 10ಕ್ಕೆ, ಅದಕ್ಕೆ ಸುಮಾರು ಎಂಟು ದಿನ. ಅದು ಗರ್ಭಕೋಶದ ಗೋಡೆಗೆ ಬಂದು ಅಂಟಿಕೊಳ್ಳುವುದೇ 6ರಿಂದ 10ನೇ ದಿನದೊಳಗೆ. ನಿನ್ನ ರಕ್ತದ ಜೊತೆ ಅದಕ್ಕೆ ಇನ್ನೂ ಸರಿಯಾದ ಸಂಪರ್ಕವೇ ಆಗಿರುವುದಿಲ್ಲ. ಮೊದಲ ಎರಡು ವಾರದಲ್ಲಿ ದೊಡ್ಡ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಗರ್ಭ ನಿಲ್ಲುವುದೇ ಇಲ್ಲ. ನಿಂತು ಮುಂದುವರಿದಿದೆ ಎಂದರೆ ಆ ಪೆಟ್ಟಿನಿಂದ ಅಂಗ ಊನವಾಗುವ ಸಂಭವ ಕಡಿಮೆ. ಡಾಕ್ಟರುಗಳೂ ಇದನ್ನೇ ಹೇಳುತ್ತಾರೆ.

ಮೇ 17 ಸ್ವಲ್ಪ ಬೇರೆ. ಆವತ್ತಿಗೆ ಸುಮಾರು 15 ದಿನ. ಮೆದುಳು, ಬೆನ್ನುಹುರಿ ರೂಪ ತಾಳುವುದು ಮೂರನೇ ವಾರದಲ್ಲಿ ಶುರುವಾಗುತ್ತದೆ. ನೀನು ಕುಡಿದಿದ್ದು ಅದರ ಹೊಸ್ತಿಲಲ್ಲಿ. ಅರ್ಧ ಬಾಟಲಿ ಸ್ಟ್ರಾಂಗ್ ಬಿಯರ್ ಎಂದರೆ ಕಮ್ಮಿ ಅಲ್ಲ, ಇದು ಬಹಳ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ. 30 ಎಂ.ಎಲ್. ರಮ್ಮಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. 650 ಎಂ.ಎಲ್. ಬಾಟಲಿ, ಅದರಲ್ಲಿ 8 ಪರ್ಸೆಂಟ್ ಇದ್ದರೆ, ಪೂರ್ತಿ ಬಾಟಲಿ ನಾಲ್ಕು ಪೆಗ್ಗಿಗೆ ಸಮ. ನಿನ್ನ ಪಾಲಿಗೆ ಎರಡು ಪೆಗ್ ಬಂತು. "ಬರೀ ಬಿಯರ್" ಎನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ.

ಆದರೂ ಕೇಳು. ಗೊತ್ತಿಲ್ಲದೆ ಒಂದೆರಡು ದಿನ ಕುಡಿದು, ಗೊತ್ತಾದ ಕೂಡಲೇ ಬಿಟ್ಟವರಲ್ಲಿ ತೊಂದರೆಯಾಗುವ ಸಾಧ್ಯತೆ ಕಡಿಮೆ. ಸೊನ್ನೆ ಎಂದು ಬರೆದುಕೊಡಲು ನನ್ನಿಂದ ಆಗದು, ಯಾವ ಡಾಕ್ಟರಿಂದಲೂ ಆಗದು. ಆದರೆ ಇಷ್ಟಕ್ಕೆ ಗರ್ಭ ತೆಗೆಸಿ ಎಂದು ತಿಳಿದವರು ಯಾರೂ ಹೇಳುವುದಿಲ್ಲ. ಆ ಯೋಚನೆಯನ್ನು ಇಲ್ಲಿಗೆ ಬಿಡು.

ಬಿಡಬಾರದ್ದು ಮುಂದಿನದು. ಮೆದುಳು ಬೆಳೆಯುವುದು ಮೂರು ತಿಂಗಳಿಗೆ ಮುಗಿಯುವುದಿಲ್ಲ, ಒಂಬತ್ತು ತಿಂಗಳೂ ಬೆಳೆಯುತ್ತದೆ. ನೀನು ಕುಡಿದಿದ್ದು ಕಸ, ಅದೇ ಪ್ಲಸೆಂಟಾ, ಅದನ್ನು ದಾಟಿ ಮಗುವಿನ ರಕ್ತಕ್ಕೆ ಹೋಗುತ್ತದೆ. ನಿನ್ನ ರಕ್ತದಲ್ಲಿ ಎಷ್ಟಿದೆಯೋ ಹೆಚ್ಚು ಕಡಿಮೆ ಅಷ್ಟೇ ಅದರ ರಕ್ತದಲ್ಲೂ ಇರುತ್ತದೆ. ನಿನ್ನ ಲಿವರ್ ಅದನ್ನು ಕರಗಿಸುತ್ತದೆ, ಮಗುವಿನ ಲಿವರಿಗೆ ಆ ಶಕ್ತಿ ಬಂದಿರುವುದಿಲ್ಲ. ಅದು ಉಚ್ಚೆ ಮಾಡಿದ್ದು ಸುತ್ತಲಿನ ನೀರಿಗೆ ಸೇರುತ್ತದೆ, ಆ ನೀರನ್ನೇ ಮತ್ತೆ ನುಂಗುತ್ತದೆ. ಅಮ್ಮನ ಅಮಲು ಇಳಿದ ಮೇಲೂ ಕೂಸು ಅದರಲ್ಲೇ ಇರುತ್ತದೆ.

ಅತ್ತೆಯವರ ವೈನ್ ಹಣ್ಣಿನದೇ, ಸುಳ್ಳಲ್ಲ. ಆದರೆ ಸಕ್ಕರೆ, ಈಸ್ಟ್ ಹಾಕಿ ಭರಣಿಯಲ್ಲಿ ಮುಚ್ಚಿಟ್ಟರೆ ಆ ಸಕ್ಕರೆಯೇ ಆಲ್ಕೋಹಾಲ್ ಆಗುತ್ತದೆ. ಅಂಗಡಿಯದರ ಮೇಲೆ ಪರ್ಸೆಂಟ್ ಬರೆದಿರುತ್ತಾರೆ, ಮನೆಯದಕ್ಕೆ ಅಳತೆಯೇ ಇಲ್ಲ. ರಕ್ತ ಆಗುವುದು ಕಬ್ಬಿಣದಿಂದ. ಆಸ್ಪತ್ರೆಯ ಮಾತ್ರೆ, ಸೊಪ್ಪು, ಕಾಳು, ಮಾಂಸ, ಮೊಟ್ಟೆ. ವೈನಿನಿಂದ ಆಗುವುದಿಲ್ಲ. ಕುಡಿತ ಹೆಚ್ಚಾದರೆ ಮೈಗೆ ಫೋಲಿಕ್ ಆಸಿಡ್ ಹತ್ತುವುದೂ ಕಡಿಮೆಯಾಗುತ್ತದೆ, ಅದು ಮಗುವಿನ ಬೆನ್ನುಹುರಿಗೆ ಬೇಕಾದ್ದು. ಡಾಕ್ಟರ್ ಫೋಲಿಕ್ ಮಾತ್ರೆ ಕೊಟ್ಟಿರಬೇಕು, ಒಂದು ದಿನವೂ ತಪ್ಪಿಸಬೇಡ.

ಈಗ ನನ್ನ ಒಂದು ಮಾತು. ಇದನ್ನು ನಾನು ಎಲ್ಲೂ ಬರೆದಿಲ್ಲ.

ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿದ್ದು 2007ರ ಜುಲೈ 1ರಿಂದ. ಅದಕ್ಕೂ ಮೊದಲು ಪ್ಯಾಕೆಟ್ ಸಾರಾಯಿ ಕಾಲ. ತೋಟದ ಕೂಲಿಯವರ ಸಾಲುಮನೆ, ಅದೇ ಲೈನ್ ಮನೆ, ಅಲ್ಲಿಯ ಒಬ್ಬ ಹೆಣ್ಣುಮಗಳು ಹೆರಿಗೆಗೆ ಬಂದಳು. ಮಗು ಎರಡು ಕೆಜಿಗೂ ಕಮ್ಮಿ. ಮೇಲ್ತುಟಿ ತೆಳ್ಳಗೆ, ಮೂಗಿಗೂ ತುಟಿಗೂ ನಡುವೆ ಇರುವ ಗೆರೆಯೇ ಇಲ್ಲ, ನುಣುಪು. ಕಣ್ಣಿನ ಸೀಳು ಚಿಕ್ಕದು. ನಾವು "ತಾಯಿಗೆ ರಕ್ತ ಇಲ್ಲ, ಅದಕ್ಕೆ ಮಗು ಸಣ್ಣದು" ಎಂದು ಬರೆದು ಕಳಿಸಿದೆವು. ಆ ಹುಡುಗ ಬೆಳೆಯುವುದನ್ನೂ ನೋಡಿದೆ, ಚುಚ್ಚುಮದ್ದಿಗೆ ಬರುತ್ತಿದ್ದ. ನಡೆದಿದ್ದು ತಡ, ಮಾತು ತಡ. ಶಾಲೆಯಲ್ಲಿ ಒಂದು ಕಡೆ ಕೂರುತ್ತಿರಲಿಲ್ಲ, ಇವತ್ತು ಕಲಿತಿದ್ದು ನಾಳೆಗೆ ಇರುತ್ತಿರಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಒಂದು ತರಬೇತಿಯಲ್ಲಿ ಅಂಥ ಮುಖದ ಚಿತ್ರ ತೋರಿಸಿದರು. ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂದರು, ಬಸುರಿಯಲ್ಲಿ ತಾಯಿ ಕುಡಿದಿದ್ದರಿಂದ ಮಗುವಿಗೆ ಆಗುವ ತೊಂದರೆ. ಫ್ರಾನ್ಸಿನ ನಾಂಟ್ ಊರಿನಲ್ಲಿ ಪಾಲ್ ಲೆಮ್ವಾನ್ ಎನ್ನುವ ಡಾಕ್ಟರ್ 1968ರಲ್ಲೇ 127 ಮಕ್ಕಳನ್ನು ನೋಡಿ ಬರೆದಿದ್ದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜೋನ್ಸ್ ಮತ್ತು ಸ್ಮಿತ್ ಎಂಬ ಇಬ್ಬರು ಅದಕ್ಕೆ ಆ ಹೆಸರು ಕೊಟ್ಟರು. ನನಗೆ ಆ ಹುಡುಗನ ಮುಖ ಕಣ್ಣ ಮುಂದೆ ಬಂತು.

ಅವನಿಗೆ ಅದೇ ಆಗಿತ್ತು ಎಂದು ನಾನು ಹೇಳಲಾರೆ. ಬರೀ ಮುಖ ನೋಡಿ ಹೇಳಬಾರದು. ರಕ್ತ ಇಲ್ಲದಿದ್ದರೂ, ಊಟ ಇಲ್ಲದಿದ್ದರೂ ಮಗು ಸಣ್ಣದಾಗುತ್ತದೆ. ನನ್ನ ಸಂಕಟ ಬೇರೆ. ಆ ತಾಯಿ ಒಂಬತ್ತು ತಿಂಗಳು ನನ್ನ ಹತ್ತಿರ ಚೆಕಪ್‌ಗೆ ಬಂದಿದ್ದಾಳೆ. ತೂಕ ನೋಡಿದೆ, ಬಿ.ಪಿ. ನೋಡಿದೆ, ಟಿ.ಟಿ. ಇಂಜೆಕ್ಷನ್ ಕೊಟ್ಟೆ. "ನೀನು ಕುಡಿಯುತ್ತೀಯಾ?" ಎಂದು ಒಂದು ಸಲವೂ ಕೇಳಲಿಲ್ಲ. ಗಂಡನನ್ನು ಕೇಳಿದ್ದೆ, ಅವಳನ್ನು ಕೇಳಲಿಲ್ಲ. ಸಂಜೆ ಮೈಕೈ ನೋವಿಗೆ ಗಂಡನ ಜೊತೆ ಅರ್ಧ ಪ್ಯಾಕೆಟ್ ಕುಡಿಯುವುದು ಆ ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹೆಣ್ಣುಮಕ್ಕಳನ್ನು ಕೇಳಿದರೆ ಅವಮಾನ ಎಂದು ನಾನು ಅಂದುಕೊಂಡಿದ್ದೆ. ನಿನ್ನ ಡಾಕ್ಟರೂ ಅದನ್ನೇ ಅಂದುಕೊಂಡಿರುತ್ತಾರೆ.

ಅದಕ್ಕೇ ಹೇಳುತ್ತೇನೆ, ನೀನೇ ಹೇಳು. ಬಾಗಿಲು ಹಾಕಲು ಕೇಳು, ಅದು ನಿನ್ನ ಹಕ್ಕು. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು: ಕೊನೆಯ ಮುಟ್ಟು ಏಪ್ರಿಲ್ 18, ಮೇ 10ಕ್ಕೆ ಎರಡು ಗ್ಲಾಸ್ ವೈನ್, ಎರಡು ಪೆಗ್ ರಮ್, ಮೇ 17ಕ್ಕೆ ಅರ್ಧ ಬಾಟಲಿ ಸ್ಟ್ರಾಂಗ್ ಬಿಯರ್, 24ರಿಂದ ಏನೂ ಇಲ್ಲ. ಬಾಯಿಂದ ಮಾತು ಬರದಿದ್ದರೆ ಚೀಟಿ ಕೊಡು. ಫೈಲಿನಲ್ಲಿ ಬರೆದಿರಲಿ. ಸ್ಕ್ಯಾನಿಂಗ್‌ನಲ್ಲಿ ಕೈಕಾಲು, ಹೃದಯ ಕಾಣುತ್ತದೆ. ಮೆದುಳಿಗೆ ಕುಡಿತದಿಂದಾದ ಸೂಕ್ಷ್ಮ ಪೆಟ್ಟು ಸಾಮಾನ್ಯವಾಗಿ ಕಾಣುವುದಿಲ್ಲ. ನಾಳೆ ಮಗುವಿನ ಮಾತು, ಕಲಿಕೆಯ ಬಗ್ಗೆ ಏನಾದರೂ ಅನುಮಾನ ಬಂದರೆ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಸೀತಜ್ಜಿಯವರೇ, ನಿಮ್ಮ ಅಮ್ಮ ಪ್ರೀತಿಯಿಂದಲೇ ಕೊಟ್ಟಿದ್ದು. ನೀವು ಬಸುರಿಯಲ್ಲಿ ಮುಟ್ಟದೇ ಇದ್ದಿದ್ದು ನಿಮ್ಮ ಮಕ್ಕಳ ಭಾಗ್ಯ. ಬಾಣಂತನದಲ್ಲೂ ಅದು ಎದೆಹಾಲಿಗೆ ಹೋಗುತ್ತದೆ. ಕುಡಿದ ಅರ್ಧದಿಂದ ಒಂದು ಗಂಟೆಯಲ್ಲಿ ಹಾಲಿನಲ್ಲಿ ಹೆಚ್ಚಿರುತ್ತದೆ, ಒಂದು ಪೆಗ್ ಇಳಿಯಲು ಎರಡು ಗಂಟೆಗೂ ಮೇಲೆ ಬೇಕು. ಹಿಂಡಿ ಚೆಲ್ಲಿದರೂ ಬೇಗ ಹೋಗುವುದಿಲ್ಲ. ಹಾಲು ಜಾಸ್ತಿ ಆಗುತ್ತದೆ ಎನ್ನುವುದೂ ನಿಜವಲ್ಲ, ಹಾಲು ಇಳಿಯುವುದಕ್ಕೇ ಅದು ಅಡ್ಡ ಬರುತ್ತದೆ. ಮೈ ಬೆಚ್ಚಗಾದ ಹಾಗೆ ಅನಿಸುತ್ತದೆ, ಅಷ್ಟೆ. ಮಗುವಿನ ಬಾಯಿಗಂತೂ ಹನಿಯೂ ಬೇಡ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ದಿನಾ ಕುಡಿಯುವ ಅಭ್ಯಾಸ ಇದ್ದು, ಬಿಟ್ಟರೆ ಕೈ ನಡುಗುತ್ತದೆ, ಬೆವರುತ್ತದೆ ಎನ್ನುವ ಬಸುರಿ ಯಾರಾದರೂ ಇದ್ದರೆ, ಒಂದೇ ಸಲ ಒಬ್ಬಳೇ ಬಿಡಲು ಹೋಗಬೇಡಿ. ಫಿಟ್ಸ್ ಬರಬಹುದು. ಡಾಕ್ಟರ ಕಣ್ಣಳತೆಯಲ್ಲಿ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸುವ ವಿಭಾಗ ಇದೆ, ಬಸುರಿ ಬಾಣಂತಿಯರ ಮನಸ್ಸಿನ ತೊಂದರೆಗೂ ಬೇರೆ ವಿಭಾಗ ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಹಾಸನದಿಂದ_ಲೀಡ್ಸ್:

ಸಿಸ್ಟರ್ ಬರೆದಿದ್ದು ಓದಿ ಕಣ್ಣು ತುಂಬಿತು. ನಾನು ಇಂಗ್ಲೆಂಡಿನಲ್ಲಿ ಇರುವುದು ಏಳು ವರ್ಷದಿಂದ. ಇಲ್ಲಿ ಬಸುರಿ ಎಂದು ಗೊತ್ತಾದ ಮೇಲೆ ಮೊದಲ ಭೇಟಿ ಮಿಡ್‌ವೈಫ್ ಹತ್ತಿರ. ಆಕೆ ನನ್ನ ಹೆಸರು, ವಯಸ್ಸು ಬರೆದುಕೊಂಡ ಸ್ವಲ್ಪ ಹೊತ್ತಿಗೇ, "ವಾರಕ್ಕೆ ಎಷ್ಟು ಕುಡಿಯುತ್ತಿದ್ದಿರಿ, ಈಗ ಎಷ್ಟು?" ಎಂದು ಕೇಳಿದಳು. ನನಗೆ ಸಿಟ್ಟು ಬಂತು. ನಾನು ಜೀವನದಲ್ಲಿ ಮುಟ್ಟಿದವಳಲ್ಲ, ನನ್ನನ್ನು ಏನೆಂದುಕೊಂಡಿದ್ದಾಳೆ ಎನಿಸಿತು. ಮುಖ ನೋಡಿಯೇ ಆಕೆಗೆ ಗೊತ್ತಾಯಿತು. "ಎಲ್ಲರನ್ನೂ ಕೇಳುತ್ತೇವೆ, ಆಗ ಯಾರಿಗೂ ಅವಮಾನ ಆಗುವುದಿಲ್ಲ" ಎಂದಳು. ಆ ಮಾತು ನನಗೆ ಈಗ ಅರ್ಥವಾಗುತ್ತಿದೆ.

ನೀವು ಓದಿದ "ಒಂದು ಗ್ಲಾಸ್ ಪರವಾಗಿಲ್ಲ" ಎಲ್ಲಿಂದ ಬಂತು ಎಂದರೆ, ಇಲ್ಲಿಯೂ ಮೊದಲು ಹಾಗೇ ಹೇಳುತ್ತಿದ್ದರು. ಬಿಡುವುದೇ ಒಳ್ಳೆಯದು, ಕುಡಿಯಲೇಬೇಕಾದರೆ ವಾರಕ್ಕೆ ಒಂದೆರಡು ಸಲ, ಒಂದೆರಡು ಯೂನಿಟ್‌ಗಿಂತ (ಇಲ್ಲಿ ಒಂದು ಯೂನಿಟ್ ಎಂದರೆ ಸುಮಾರು 8 ಗ್ರಾಂ ಆಲ್ಕೋಹಾಲ್) ಹೆಚ್ಚು ಬೇಡ ಎಂದು. 2016ರಲ್ಲಿ ಅದನ್ನು ಬದಲಾಯಿಸಿದರು. ಬಸುರಿಯಾದರೂ, ಮಗುವಿಗಾಗಿ ಪ್ರಯತ್ನಿಸುತ್ತಿದ್ದರೂ, ಕುಡಿಯದೇ ಇರುವುದೇ ಸುರಕ್ಷಿತ ಎಂದು ನೇರವಾಗಿ ಹೇಳಿದರು. ಸ್ವಲ್ಪ ಕುಡಿದರೆ ಖಂಡಿತ ಕೆಡುತ್ತದೆ ಎಂದು ಸಾಬೀತಾಗಿ ಅಲ್ಲ. ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಗೆರೆ ಯಾರಿಗೂ ಸಿಗಲಿಲ್ಲ, ಅದಕ್ಕೆ. ಹಳೆಯ ಬರಹಗಳು ಇನ್ನೂ ನೆಟ್‌ನಲ್ಲಿ ಹಾಗೇ ಇವೆ. ಓದುವಾಗ ವರ್ಷ ನೋಡಿ.

ಇಲ್ಲಿನ ಬಹಳಷ್ಟು ಬಾಟಲಿಗಳ ಹಿಂದೆ ಬಸುರಿ ಹೆಂಗಸಿನ ಚಿತ್ರಕ್ಕೆ ಅಡ್ಡ ಗೆರೆ ಎಳೆದ ಗುರುತು ಇರುತ್ತದೆ. ಅಮೆರಿಕದಲ್ಲಿ 1989ರಿಂದ ಎಚ್ಚರಿಕೆಯ ಸಾಲು ಕಡ್ಡಾಯ. ಕಳೆದ ಸಲ ಊರಿಗೆ ಬಂದಾಗ ಅಣ್ಣನ ಬಾಟಲಿ ತಿರುಗಿಸಿ ನೋಡಿದೆ. ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಎಂದಿತ್ತು. ಹೊಟ್ಟೆಯಲ್ಲಿರುವ ಮಗುವಿನ ಮಾತೇ ಇರಲಿಲ್ಲ. ನಮ್ಮ ಹೆಣ್ಣುಮಕ್ಕಳು ಕುಡಿಯುವುದೇ ಇಲ್ಲ ಎಂದು ಎಲ್ಲರೂ ಸೇರಿ ನಂಬಿಕೊಂಡರೆ, ಕುಡಿದವಳು ರಾತ್ರಿ ಎರಡು ಗಂಟೆಗೆ ಒಬ್ಬಳೇ ಫೋನ್ ನೋಡಬೇಕಾಗುತ್ತದೆ. ನನಗೆ ಬೇಜಾರಾಗುವುದು ಇದಕ್ಕೇ.

ದಾವಣಗೆರೆ_ಅಪ್ಪ:

ಗಂಡಸು ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ನಮಗೆ ನಾಲ್ಕು ವರ್ಷ ಮಕ್ಕಳಾಗಲಿಲ್ಲ. ಎಲ್ಲರೂ ಅವಳನ್ನೇ ಪರೀಕ್ಷೆ ಮಾಡಿಸಿದರು. ಕೊನೆಗೆ ನನ್ನದನ್ನು ಮಾಡಿದಾಗ ಕೌಂಟ್ ಕಡಿಮೆ ಇತ್ತು. ನಾನು ಆಗ ಶನಿವಾರ, ಭಾನುವಾರ ಕ್ವಾರ್ಟರ್ ಮುಗಿಸುತ್ತಿದ್ದೆ. ವಾರದ ಮಧ್ಯದಲ್ಲೂ ಒಂದು ದಿನ. ಡಾಕ್ಟರ್ ಹೇಳಿದ್ದು ಇಷ್ಟೇ: ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಇವತ್ತು ಬಿಟ್ಟರೆ ಅದರ ಫಲ ಮೂರು ತಿಂಗಳ ಮೇಲೆ. ಬಿಟ್ಟೆ. ತೂಕವನ್ನೂ ಇಳಿಸಿದೆ, ಔಷಧಿಯನ್ನೂ ತೆಗೆದುಕೊಂಡೆ. ಯಾವುದರಿಂದ ಸರಿಹೋಯಿತು ಎಂದು ಹೇಳಲಾರೆ. ಮಗಳಿಗೆ ಈಗ ಮೂರು ವರ್ಷ.

ತಂಗೀ, ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿ. ಮೂರು ತಿಂಗಳು ತುಂಬುವವರೆಗೆ ನೆಂಟರಿಗೆ ಹೇಳುವುದಿಲ್ಲ ಅಲ್ವಾ? ಆ ದಿನಗಳೇ ಕಷ್ಟ. ಕುಡಿಯುವ ಮನೆಯಲ್ಲಿ ಹೆಂಗಸು ಗ್ಲಾಸ್ ಬೇಡ ಎಂದ ಕೂಡಲೇ ಎಲ್ಲರ ಕಣ್ಣು ಹೊಟ್ಟೆಯ ಮೇಲೆ ಬೀಳುತ್ತದೆ. ನಾವು ಏನು ಮಾಡಿದೆವು ಎಂದರೆ, ಇಬ್ಬರೂ ಬೇಡ ಎಂದೆವು. ನಾನು ಮೊದಲು ಹೇಳುತ್ತಿದ್ದೆ: "ನನಗೆ ಹೊಟ್ಟೆ ಸರಿ ಇಲ್ಲ, ಮಾತ್ರೆ ನಡೀತಿದೆ, ಅವಳೂ ನನ್ನ ಜೊತೆ ಬಿಟ್ಟಿದ್ದಾಳೆ." ಬಯ್ಗುಳ ಎಲ್ಲ ನನ್ನ ಮೇಲೆ ಬಂತು. ಬರಲಿ. ಹೆಂಡತಿ ಒಂಬತ್ತು ತಿಂಗಳು ಎಷ್ಟೋ ಬಿಟ್ಟಿರಬೇಕು, ನಾವು ಒಂದು ಬಾಟಲಿ ಬಿಟ್ಟಿರಲು ಆಗುವುದಿಲ್ಲವಾ?

ಕಿತ್ತಳೆಹೂ:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ.

ಮತ್ತೆ ಅದೇ ಡಾಕ್ಟರ್ ಹತ್ತಿರ ಹೋದೆ. ಸಿಸ್ಟರ್ ಹೇಳಿದ ಹಾಗೇ ಚೀಟಿ ಬರೆದುಕೊಂಡಿದ್ದೆ. "ಮೇಡಂ, ಬಾಗಿಲು ಹಾಕಬಹುದಾ?" ಎಂದು ಕೇಳುವಾಗ ಗಂಟಲು ಒಣಗಿತ್ತು. ಅವರೇ ಎದ್ದು ಹಾಕಿದರು. ಚೀಟಿ ಓದಿದರು, ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿದರು, ಸಿಸ್ಟರ್ ಹೇಳಿದ್ದನ್ನೇ ಹೇಳಿದರು. ಫೈಲಿನಲ್ಲಿ ಒಂದು ಸಾಲು ಬರೆದರು. "ಇದನ್ನು ನಾನೇ ಕೇಳಬೇಕಿತ್ತು" ಎಂದರು. ಬೇರೆ ಒಂದು ಮಾತೂ ಆಡಲಿಲ್ಲ. ಆವತ್ತೇ ಸ್ಕ್ಯಾನ್ ಮಾಡಿದರು. ಏಳು ವಾರ ದಾಟಿತ್ತು. ಹೃದಯ ಮಿಣಮಿಣ ಎನ್ನುತ್ತಿತ್ತು. ಇವರು ನನಗಿಂತ ಮೊದಲು ಅದನ್ನು ನೋಡಿ ಬೆರಳು ತೋರಿಸಿದರು. ಆ ರಾತ್ರಿ ನಿದ್ದೆ ಬಂತು. ಮುಂದಿನ ಸ್ಕ್ಯಾನ್ ಜುಲೈ 12ಕ್ಕೆ.

ಅತ್ತೆಗೆ ನಾನು ಹೇಳಲಿಲ್ಲ, ಇವರು ಹೇಳಿದರು. ಭಾನುವಾರ ಊರಿಗೆ ಹೋದಾಗ, ಭರಣಿ ಇಟ್ಟ ಕೋಣೆಯಲ್ಲೇ ಕೂತು, ಸಿಸ್ಟರ್ ಬರೆದಿದ್ದನ್ನು ಫೋನಿನಲ್ಲಿ ಓದಿ ಹೇಳಿದರು. ಮಗು ಸುತ್ತಲಿನ ನೀರನ್ನೇ ಮತ್ತೆ ನುಂಗುತ್ತದೆ ಎನ್ನುವಲ್ಲಿಗೆ ಬಂದಾಗ ಅತ್ತೆ "ಸಾಕು" ಎಂದರಂತೆ. ಸಂಜೆ ನನಗೆ ನೆಲ್ಲಿಕಾಯಿ ಜಜ್ಜಿ, ಬೆಲ್ಲ ಹಾಕಿ, ಅದೇ ಹೊತ್ತಿಗೆ ಮಾಡಿದ ಪಾನಕ ಕೊಟ್ಟರು. "ಇದು ಇವತ್ತು ಮಾಡಿದ್ದು, ಹುಳಿ ಬಂದಿಲ್ಲ, ಕುಡಿ" ಎಂದರು. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ನನಗೆ ಐದು ತಿಂಗಳು ಆಗಿರುತ್ತದೆ. ಆವತ್ತು ಹೆಂಗಸರ ಪಂಕ್ತಿಗೆ ಇದೇ ಪಾನಕ ಮಾಡುತ್ತಾರಂತೆ, ನಾನೊಬ್ಬಳೇ ಬೇರೆ ಗ್ಲಾಸ್ ಹಿಡಿಯಬಾರದು ಎಂದು. ಮಾವ ಬ್ರಾಂಡಿ ಬಾಟಲಿಯ ಬಗ್ಗೆ ಏನೂ ಹೇಳಲಿಲ್ಲ. ಆದರೆ ಬೀರುವಿನಲ್ಲಿ ಅದು ಈಗ ಇಲ್ಲ.

ಸಿಸ್ಟರ್, ಒಂದು ಕೇಳುವುದು ಉಳಿಯಿತು. ನನ್ನ ಅಮ್ಮ ಬಾಣಂತನಕ್ಕೆ ಎಂದು ಈಗಲೇ ಎರಡು ಬಾಟಲಿ ದಶಮೂಲಾರಿಷ್ಟ ತಂದಿಟ್ಟಿದ್ದಾರೆ. ಸುಸ್ತು ಎಂದರೆ ಈಗಲೂ ಎರಡು ಚಮಚ ಕುಡಿ ಎನ್ನುತ್ತಾರೆ. ಅದು ಆಯುರ್ವೇದದ ಔಷಧಿ ಅಲ್ವಾ, ಅದರಲ್ಲೂ ಇರುತ್ತದಾ?

ಸಿಸ್ಟರ್_ಸಿದ್ದಾಪುರ:

ಇರುತ್ತದೆ ಮಗಳೇ. ಅರಿಷ್ಟ, ಆಸವ ಎಂದರೆ ಹುಳಿ ಬರಿಸಿ ಮಾಡುವ ಔಷಧಿ. ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದು, ತಾನಾಗಿಯೇ ಹುಟ್ಟಿದ ಆಲ್ಕೋಹಾಲ್ ಇಷ್ಟು ಪರ್ಸೆಂಟ್ ಎಂದು ಬರೆದಿರುತ್ತಾರೆ. ಸಾಮಾನ್ಯವಾಗಿ 5ರಿಂದ 10ರೊಳಗೆ. ಎರಡು ಚಮಚದಲ್ಲಿ ಹೋಗುವುದು ಸ್ವಲ್ಪವೇ, ಈಗಾಗಲೇ ಒಂದೆರಡು ಸಲ ಕುಡಿದಿದ್ದರೆ ಅದಕ್ಕೆ ಮತ್ತೆ ನಿದ್ದೆ ಕೆಡಿಸಿಕೊಳ್ಳಬೇಡ. ಆದರೆ ಈಗ ಬೇಡ. ಹೆರಿಗೆಯಾದ ಮೇಲೂ ಅಮ್ಮ ಕೊಟ್ಟರು ಎಂದು ಕುಡಿಯಬೇಡ. ಆಯುರ್ವೇದದ ಡಾಕ್ಟರ್‌ಗೆ ಎದೆಹಾಲು ಕೊಡುತ್ತಿದ್ದೇನೆ ಎಂದು ಹೇಳಿ, ಅವರು ಬೇಕು ಎಂದರೆ ಮಾತ್ರ. ಸುಸ್ತಿಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು, ರಿಪೋರ್ಟ್ ಬಂದ ಮೇಲೆ ಎಷ್ಟಿದೆ ಎಂದು ಇಲ್ಲಿ ಬರೆ. ತಾಯಿ ಕಾರ್ಡ್ ಮಾಡಿಸಿದೆಯಾ?